ಅಂದಾಜು ಪಟ್ಟಿಯನ್ನು ಓದುವ ಬಗೆ

ಸರ್ಕಾರಿ ಕಾಮಗಾರಿಗಳ ವೆಚ್ಚ ಏಕೆ ಬೆಳೆಯುತ್ತದೆ? ಸದಸ್ಯರಿಗೊಂದು ಪಾಠ

ಕಾಫಿ, ಅಡಿಕೆಗಳ ಧಾರಣೆಯ ಮಾತು ಬಂದರೆ ನಮ್ಮ ಸದಸ್ಯರಲ್ಲಿ ಪ್ರತಿಯೊಬ್ಬರೂ ಪಂಡಿತರೇ. ಐವತ್ತು ಕೆ.ಜಿ. ಚೀಲಕ್ಕೆ ನೂರು ರೂಪಾಯಿ ಹೆಚ್ಚು ಕಡಿಮೆಯಾದರೂ ಕಾರಣವನ್ನು ಕೇಳದೆ ಬಿಡುವವರಲ್ಲ. ಆದರೆ ಊರಿನ ರಸ್ತೆಗೋ, ಸೇತುವೆಗೋ, ನೀರಿನ ಯೋಜನೆಗೋ ಸರ್ಕಾರ ಇಷ್ಟು ಲಕ್ಷ ಅಥವಾ ಇಷ್ಟು ಕೋಟಿ ಮಂಜೂರು ಮಾಡಿದೆ ಎಂಬ ಸುದ್ದಿ ಬಂದಾಗ ಅದೇ ಸದಸ್ಯರು ಆ ಅಂಕಿಯನ್ನು ಕೇಳಿ ಸುಮ್ಮನಾಗುತ್ತಾರೆ. ಆ ಮೊತ್ತ ಹೇಗೆ ಬಂತು, ಅದರಲ್ಲಿ ಏನು ಸೇರಿದೆ, ಏನು ಬಿಟ್ಟುಹೋಗಿದೆ, ಕೆಲಸ ಮುಗಿಯುವ ಹೊತ್ತಿಗೆ ಅದು ಎಲ್ಲಿಗೆ ಮುಟ್ಟಬಹುದು ಎಂದು ವಿಚಾರಿಸುವವರು ವಿರಳ. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎಂಬ ಭಾವನೆ ಬೇರೂರಿದೆ.

ಈ ಭಾವನೆ ಸರಿಯಲ್ಲ. ಅಂದಾಜು ತಪ್ಪಿದಾಗ ನಷ್ಟ ಅನುಭವಿಸುವವರು ಅಂದಾಜು ಬರೆದವರಲ್ಲ. ರಸ್ತೆ ಅರ್ಧಕ್ಕೆ ನಿಂತರೆ ಮಳೆಗಾಲದಲ್ಲಿ ಕೆಸರು ತುಳಿಯುವವರು ನಾವು. ಕಾಲುವೆಗೆ ಜಮೀನು ಬಿಟ್ಟುಕೊಟ್ಟು ನೀರಿಗೂ ಪರಿಹಾರಕ್ಕೂ ಕಾಯುವವರು ರೈತರು. ಆದ್ದರಿಂದ ಸರ್ಕಾರಿ ಕಾಮಗಾರಿಯ ಅಂದಾಜು ಪಟ್ಟಿಯನ್ನು ಓದುವ ಬಗೆಯನ್ನು, ಗಣಿತದ ಹೆದರಿಕೆಯಿಲ್ಲದೆ, ಸದಸ್ಯರ ಮುಂದಿಡುವ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಅಂದಾಜು ಎಂದರೆ ಬೆಲೆಯಲ್ಲ

ಮೊದಲಿಗೆ ತಿಳಿಯಬೇಕಾದದ್ದು ಇಷ್ಟು. ಅಂಗಡಿಯಲ್ಲಿ ಗೊಬ್ಬರದ ಚೀಲದ ಮೇಲೆ ಬರೆದಿರುವುದು ಬೆಲೆ. ಕಾಮಗಾರಿಯ ಕಡತದಲ್ಲಿ ಬರೆದಿರುವುದು ಬೆಲೆಯಲ್ಲ. ಇಂತಿಂಥ ಷರತ್ತುಗಳು ನಡೆದರೆ ಇಷ್ಟಾಗಬಹುದು ಎಂಬ ಲೆಕ್ಕ ಮಾತ್ರ. ಷರತ್ತು ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಒಂದು ಕಾಮಗಾರಿ ಕಾಗದದ ಮೇಲೆ ಹಲವು ಮೆಟ್ಟಿಲುಗಳನ್ನು ಹತ್ತುತ್ತದೆ. ಮೊದಲು ಸ್ಥೂಲ ಅಂದಾಜು. ಇದನ್ನು ಸ್ಥಳವನ್ನು ಪೂರ್ತಿ ಅಳೆಯದೆ, ಹಿಂದಿನ ಕೆಲಸಗಳ ಹೋಲಿಕೆಯಿಂದ, ಕಿಲೋಮೀಟರಿಗೆ ಇಷ್ಟು, ಚದರಕ್ಕೆ ಇಷ್ಟು ಎಂದು ಹಾಕುತ್ತಾರೆ. ದೊಡ್ಡ ಕೆಲಸವಾದರೆ ಅನಂತರ ಸವಿಸ್ತಾರ ಯೋಜನಾ ವರದಿ, ಅಂದರೆ ಎಲ್ಲರ ಬಾಯಲ್ಲಿರುವ ಡಿ.ಪಿ.ಆರ್. ಇದರ ಮೇಲೆ ಸರ್ಕಾರದ ಆಡಳಿತಾತ್ಮಕ ಅನುಮೋದನೆ. ಬಳಿಕ ಇಲಾಖೆಯ ಅಧಿಕಾರವುಳ್ಳ ಎಂಜಿನಿಯರು ನಕ್ಷೆ, ಅಳತೆ, ದರಗಳನ್ನು ಪರಿಶೀಲಿಸಿ ಕೊಡುವ ತಾಂತ್ರಿಕ ಮಂಜೂರಾತಿ. ಆಮೇಲೆ ಟೆಂಡರು. ನಮ್ಮ ರಾಜ್ಯದಲ್ಲಿ ಇದು 1999ರ ಪಾರದರ್ಶಕತೆ ಕಾಯಿದೆಗೆ ಒಳಪಟ್ಟಿದೆ. ಕಡೆಗೆ ಕೆಲಸ ನಡೆದಂತೆ ಅಳತೆ ಪುಸ್ತಕದಲ್ಲಿ ನಮೂದು ಮತ್ತು ಬಿಲ್ಲು.

ಗಮನಿಸಬೇಕಾದ ಸಂಗತಿಯೆಂದರೆ ಪತ್ರಿಕೆಗಳಲ್ಲಿ ಬರುವ, ಭಾಷಣಗಳಲ್ಲಿ ಕೇಳುವ ಅಂಕಿ ಬಹುಮಟ್ಟಿಗೆ ಮೊದಲಿನ ಮೆಟ್ಟಿಲುಗಳದು. ನೆಲವನ್ನು ಅಗೆದು ನೋಡುವ ಮುಂಚಿನದು. ಎಲ್ಲಕ್ಕಿಂತ ಕಡಿಮೆ ತಿಳಿದಿದ್ದಾಗ ಹಾಕಿದ ಅಂಕಿಯೇ ಎಲ್ಲಕ್ಕಿಂತ ಹೆಚ್ಚು ಜನರ ನೆನಪಿನಲ್ಲಿ ಉಳಿಯುತ್ತದೆ.

ಇನ್ನು ಅಂದಾಜಿನ ಒಳಗಿನ ಲೆಕ್ಕ. ಅದು ಸರಳ: ಪರಿಮಾಣವನ್ನು ದರದಿಂದ ಗುಣಿಸುವುದು. ಪರಿಮಾಣವನ್ನು ನಕ್ಷೆಯಿಂದ ತೆಗೆಯುತ್ತಾರೆ. ದರವನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿಂದ, ಗುತ್ತಿಗೆದಾರರು ಎಸ್.ಆರ್. ಎಂದು ಕರೆಯುವ ಪುಸ್ತಕದಿಂದ, ತೆಗೆದುಕೊಳ್ಳುತ್ತಾರೆ. ಜಲ್ಲಿ, ಮರಳು, ಸಿಮೆಂಟುಗಳನ್ನು ದೂರದಿಂದ ತರಬೇಕಾದರೆ ಸಾಗಣೆಯ ದೂರಕ್ಕೆ ತಕ್ಕಂತೆ ದರ ಏರುತ್ತದೆ. ಇದನ್ನು ಲೀಡ್ ಎನ್ನುತ್ತಾರೆ. ಒಟ್ಟು ಮೊತ್ತದ ಮೇಲೆ ಅನಿರೀಕ್ಷಿತ ವೆಚ್ಚಕ್ಕೆಂದು ಸಾಮಾನ್ಯವಾಗಿ ಶೇ. 3ರಷ್ಟು, ಅದರ ಜೊತೆಗೆ ತೆರಿಗೆ.

ಒಂದು ರಸ್ತೆಯ ಲೆಕ್ಕ

ಮಾತಿಗಿಂತ ಲೆಕ್ಕ ಲೇಸು. ಊರಿನ ಮುಖ್ಯ ರಸ್ತೆಯಿಂದ ತೋಟಗಳ ಕಡೆಗೆ 500 ಮೀಟರ್ ಉದ್ದದ ಕಾಂಕ್ರೀಟ್ ರಸ್ತೆ ಎಂದು ಭಾವಿಸೋಣ. ಕೆಳಗಿನ ದರಗಳನ್ನು ಪಾಠಕ್ಕಾಗಿ ದುಂಡಗೆ ಇಟ್ಟುಕೊಳ್ಳಲಾಗಿದೆ. ನಿಜವಾದ ಕೆಲಸಕ್ಕೆ ಆಯಾ ವರ್ಷದ ದರಪಟ್ಟಿಯನ್ನೇ ನೋಡಬೇಕು.

1. ಮಣ್ಣು ಅಗೆತ: 500 ಮೀ. ಉದ್ದ, 4 ಮೀ. ಅಗಲ, 0.3 ಮೀ. ಆಳ. ಒಟ್ಟು 600 ಘನ ಮೀಟರ್. ದರ ರೂ. 150. ಮೊತ್ತ ರೂ. 90,000.
2. ಜಲ್ಲಿ ಹಾಸು: 500 ಮೀ. ಉದ್ದ, 3.5 ಮೀ. ಅಗಲ, 0.15 ಮೀ. ದಪ್ಪ. ಒಟ್ಟು 262.5 ಘನ ಮೀಟರ್. ದರ ರೂ. 2,000. ಮೊತ್ತ ರೂ. 5,25,000.
3. ಕಾಂಕ್ರೀಟ್: 500 ಮೀ. ಉದ್ದ, 3 ಮೀ. ಅಗಲ, 0.15 ಮೀ. ದಪ್ಪ. ಒಟ್ಟು 225 ಘನ ಮೀಟರ್. ದರ ರೂ. 7,000. ಮೊತ್ತ ರೂ. 15,75,000.
4. ಮೋರಿ ಎರಡು, ಒಂದಕ್ಕೆ ರೂ. 1,50,000. ಮೊತ್ತ ರೂ. 3,00,000.

ಇವುಗಳ ಒಟ್ಟು ರೂ. 24,90,000. ಅನಿರೀಕ್ಷಿತ ವೆಚ್ಚ ಶೇ. 3ರಂತೆ ರೂ. 74,700. ಕಾಮಗಾರಿಯ ಮೇಲೆ ಜಿ.ಎಸ್.ಟಿ. ಶೇ. 18ರಂತೆ ರೂ. 4,48,200. ಎಲ್ಲ ಸೇರಿ ರೂ. 30,12,900. ಮೂವತ್ತು ಲಕ್ಷದ ರಸ್ತೆ ಮಂಜೂರಾಯಿತೆಂದು ಊರಿನಲ್ಲಿ ಸಂತೋಷ.

ಈಗ ಕೆಲಸ ಶುರುವಾಗುತ್ತದೆ. ಮಲೆನಾಡಿನ ನೆಲವನ್ನು ಬಲ್ಲವರಿಗೆ ಮುಂದಿನದು ಹೊಸದೇನಲ್ಲ. ಅಗೆತದಲ್ಲಿ ಮೂರರಲ್ಲೊಂದು ಭಾಗ, ಅಂದರೆ 200 ಘನ ಮೀಟರ್, ಬಂಡೆಯಾಗಿ ಸಿಕ್ಕಿತು. ಬಂಡೆ ಒಡೆಯಲು ದರ ರೂ. 150ರ ಬದಲು ರೂ. 900 ಆದರೆ ಹೆಚ್ಚಳ ರೂ. 1,50,000. ಧರೆ ಕಡಿದ ಜಾಗದಲ್ಲಿ ಮೊದಲ ಮಳೆಗೇ ಮಣ್ಣು ಜರಿಯಿತು. 60 ಮೀಟರ್ ತಡೆಗೋಡೆ ಅನಿವಾರ್ಯ. ಮೀಟರಿಗೆ ರೂ. 6,000ದಂತೆ ರೂ. 3,60,000. ಬೇಸಿಗೆಯಲ್ಲಿ ಅಳತೆ ಮಾಡಿದವರಿಗೆ ಕಾಣದಿದ್ದ ಒಂದು ಹಳ್ಳ ಜುಲೈನಲ್ಲಿ ಹರಿಯಿತು. ಇನ್ನೊಂದು ಮೋರಿಗೆ ರೂ. 1,50,000. ಹತ್ತಿರದ ಕಲ್ಲುಕ್ವಾರಿ ಮುಚ್ಚಿದ್ದರಿಂದ ಜಲ್ಲಿ ದೂರದಿಂದ ಬಂತು. ಜಲ್ಲಿ ಹಾಸು ಮತ್ತು ಕಾಂಕ್ರೀಟಿನ ರೂ. 21,00,000ಕ್ಕೆ ಶೇ. 10 ಸೇರಿ ರೂ. 2,10,000. ಹೀಗೆ ಹೆಚ್ಚಳವೇ ರೂ. 8,70,000 ಆಗಿ ಮೂಲ ಮೊತ್ತ ರೂ. 33,60,000ಕ್ಕೆ ಏರಿತು. ಅನಿರೀಕ್ಷಿತಕ್ಕೆಂದು ಇಟ್ಟಿದ್ದ ರೂ. 74,700 ಎಲ್ಲಿಗೆ ಸಾಕು?

ಇದರ ಮೇಲೆ ಕಾಲದ ಲೆಕ್ಕ. ಅರಣ್ಯದ ಗಡಿ ತಕರಾರು, ಟೆಂಡರಿನ ಮರುಕರೆ, ಚುನಾವಣೆಯ ನೀತಿಸಂಹಿತೆ ಎಂದು ಎರಡು ವರ್ಷ ತಡವಾಯಿತೆನ್ನಿ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ ಆ ಮೊತ್ತ ಸುಮಾರು ರೂ. 37,75,000. ಶೇ. 18 ತೆರಿಗೆ ಸೇರಿಸಿದರೆ ಸುಮಾರು ರೂ. 44,55,000. ಮೊದಲ ಅಂದಾಜಿಗಿಂತ ಶೇ. 48 ಹೆಚ್ಚು.

ಈ ಲೆಕ್ಕದಲ್ಲಿ ಯಾರೂ ಒಂದು ರೂಪಾಯಿಯನ್ನೂ ತಿಂದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ವೆಚ್ಚ ಬೆಳೆದ ತಕ್ಷಣ ದುಡ್ಡು ಹೊಡೆದರು ಎನ್ನುವುದು ನಮ್ಮಲ್ಲಿ ರೂಢಿ. ಹಾಗೆ ಆಗುವುದೇ ಇಲ್ಲವೆಂದು ಹೇಳುವಂತಿಲ್ಲ. ಆದರೆ ಪ್ರಾಮಾಣಿಕವಾಗಿ ನಡೆದ ಕೆಲಸವೂ ಅಂದಾಜನ್ನು ಮೀರುತ್ತದೆ. ಏಕೆಂದರೆ ಬಂಡೆ, ಮಳೆ, ವಿಳಂಬ ಇವು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ.

ಇದರ ಪರಿಣಾಮವೇನು? ಮಂಜೂರಾದ ಹಣ ಮೂವತ್ತು ಲಕ್ಷ. ಅಷ್ಟು ಹಣಕ್ಕೆ 500 ಮೀಟರಿನಲ್ಲಿ ಸುಮಾರು 338 ಮೀಟರ್ ರಸ್ತೆ ಮಾತ್ರ ಆಗುತ್ತದೆ. ಉಳಿದ 160 ಮೀಟರಿನ ಆಚೆಗೆ ಇರುವ ಮನೆಯವರಿಗೆ ರಸ್ತೆಯೇ ಇಲ್ಲ. ಪರಿಷ್ಕೃತ ಅಂದಾಜು ಮೇಲಿನ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿರುತ್ತದೆ. ನಮ್ಮ ಹೋಬಳಿಗಳಲ್ಲಿ ಮೋರಿಯ ಹತ್ತಿರ ಬಂದು ನಿಂತುಬಿಟ್ಟ ರಸ್ತೆಗಳನ್ನು ಕಂಡವರಿಗೆ ಅವು ಅಲ್ಲಿಯೇ ಏಕೆ ನಿಂತಿವೆಯೆಂಬುದು ಈಗ ಅರ್ಥವಾದೀತು.

ನಮ್ಮ ಬಾಗಿಲ ಎರಡು ಯೋಜನೆಗಳು

ಸಣ್ಣ ರಸ್ತೆಯಲ್ಲಿ ನಡೆಯುವುದೇ ದೊಡ್ಡ ಯೋಜನೆಗಳಲ್ಲಿಯೂ ನಡೆಯುತ್ತದೆ. ದೂರ ಹೋಗಬೇಕಾಗಿಲ್ಲ. ಕಾಫಿ, ಅಡಿಕೆ ಬೆಳೆಯುವ ಸೀಮೆಯಿಂದಲೇ ನೀರನ್ನು ಒಯ್ಯುವ ಎರಡು ಯೋಜನೆಗಳ ಅಂಕಿಗಳನ್ನು ನೋಡೋಣ.

ಮೊದಲನೆಯದು ಭದ್ರಾ ಮೇಲ್ದಂಡೆ. ತುಂಗಾ ನದಿಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಭದ್ರೆಯಿಂದ 29.90 ಟಿ.ಎಂ.ಸಿ.ಯನ್ನು ಅಜ್ಜಂಪುರದ ಹತ್ತಿರದ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವ ಯೋಜನೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ, 367 ಕೆರೆಗಳಿಗೆ ನೀರು ಎಂಬುದು ಅದರ ಗುರಿ. 2003ರಲ್ಲಿ ಇದರ ಅಂದಾಜು ರೂ. 2,813 ಕೋಟಿ. 2008ರಲ್ಲಿ ರೂ. 5,985 ಕೋಟಿ. 2015ರಲ್ಲಿ ರೂ. 12,340 ಕೋಟಿ. 2020ರಲ್ಲಿ ರೂ. 21,473.67 ಕೋಟಿ. ಹದಿನೇಳು ವರ್ಷಗಳಲ್ಲಿ ಏಳೂವರೆ ಪಟ್ಟಿಗೂ ಹೆಚ್ಚು.

ಕೂಡಲೇ ಬರುವ ಉತ್ತರ, ಬೆಲೆಗಳು ಏರಿದವಲ್ಲ ಎಂಬುದು. ಅದನ್ನೂ ಲೆಕ್ಕ ಹಾಕೋಣ. ಎಲ್ಲ ಸಾಮಗ್ರಿ, ಕೂಲಿಗಳ ಬೆಲೆ ಪ್ರತಿವರ್ಷವೂ ಶೇ. 7ರಂತೆ ಏರಿತೆಂದು ಉದಾರವಾಗಿ ಇಟ್ಟುಕೊಂಡರೂ ಹದಿನೇಳು ವರ್ಷಗಳಲ್ಲಿ ಅದು 3.16 ಪಟ್ಟು. ಅಂದರೆ ರೂ. 2,813 ಕೋಟಿ ಸುಮಾರು ರೂ. 8,900 ಕೋಟಿ ಆಗಬೇಕಿತ್ತು. ಉಳಿದ ಹನ್ನೆರಡು ಸಾವಿರ ಕೋಟಿಗೂ ಮಿಕ್ಕ ಹಣಕ್ಕೆ ಬೆಲೆ ಏರಿಕೆ ಕಾರಣವಲ್ಲ. ಯೋಜನೆಯ ಸ್ವರೂಪವೇ ಬದಲಾದದ್ದು, ಹೊಸ ಅಂಗಗಳು ಸೇರಿದ್ದು, ಜಮೀನಿನ ವೆಚ್ಚ, ಮೊದಲು ಬಿಟ್ಟುಹೋದ ಬಾಬುಗಳು ಇವುಗಳಲ್ಲಿ ಕಾರಣವನ್ನು ಹುಡುಕಬೇಕು. ಒಂದೇ ಹೆಸರಿನಲ್ಲಿ 2003ರಲ್ಲಿದ್ದ ಯೋಜನೆಯೂ 2020ರಲ್ಲಿದ್ದ ಯೋಜನೆಯೂ ಒಂದೇ ಅಲ್ಲ.

ಎರಡನೆಯದು ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ. ಪಶ್ಚಿಮಕ್ಕೆ ಹರಿಯುವ ಹಳ್ಳಗಳ 24.01 ಟಿ.ಎಂ.ಸಿ. ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ಕುಡಿಯಲು ಕೊಡುವ ಯೋಜನೆ. 2012ರಲ್ಲಿ ರೂ. 8,323.50 ಕೋಟಿ. 2014ರಲ್ಲಿ ರೂ. 12,912.36 ಕೋಟಿ. 2023ರಲ್ಲಿ ರೂ. 23,251.66 ಕೋಟಿ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು.

ಇಲ್ಲಿ 2012 ಮತ್ತು 2014ರ ನಡುವಿನ ಏರಿಕೆಯನ್ನು ವಿಶೇಷವಾಗಿ ಗಮನಿಸಬೇಕು. ಎರಡೇ ವರ್ಷಗಳಲ್ಲಿ ಶೇ. 55. ಅದೂ 2014ರ ಮಾರ್ಚಿಯಲ್ಲಿ ಶಂಕುಸ್ಥಾಪನೆ ಆಗುವುದಕ್ಕೆ ಮೊದಲು. ಶೇ. 7ರ ಬೆಲೆ ಏರಿಕೆ ಎರಡು ವರ್ಷಕ್ಕೆ ಶೇ. 14.5 ಮಾತ್ರ. ಹಾಗಾದರೆ ಮೊದಲ ಅಂಕಿಯೇ ಅಪೂರ್ಣವಾಗಿತ್ತು ಎಂದು ತಾನೇ ಅರ್ಥ?

ಜಮೀನಿನ ವಿಷಯದಲ್ಲಿ ಒಂದು ಮಾತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಗ್ರಾಮಾಂತರದ ಜಮೀನಿನ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡರವರೆಗಿನ ಗುಣಕದಿಂದ ಗುಣಿಸಿ, ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನವನ್ನು ಕೊಡಬೇಕು. ಗುಣಕ ಎರಡಾದರೆ ಪರಿಹಾರ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟು. ಇದು ರೈತನಿಗೆ ನ್ಯಾಯವಾದ ಹಕ್ಕು. ಇದನ್ನು ವೆಚ್ಚ ಬೆಳೆದದ್ದರ ತಪ್ಪೆಂದು ರೈತನ ತಲೆಗೆ ಕಟ್ಟುವುದು ಸಲ್ಲದು. ತಪ್ಪಿರುವುದು ಜಮೀನಿನ ನಿಜವಾದ ಬೆಲೆಯನ್ನು ಮೊದಲ ಅಂದಾಜಿನಲ್ಲಿ ಹಿಡಿಯದೆ ಬಿಡುವುದರಲ್ಲಿ.

ಇನ್ನೊಂದು ಪಾಠವೂ ಎತ್ತಿನಹೊಳೆಯಲ್ಲಿದೆ. ವೆಚ್ಚದಂತೆ ಪ್ರಯೋಜನವೂ ಒಂದು ಅಂದಾಜೇ. ಸರ್ಕಾರದ ವರದಿ 24.01 ಟಿ.ಎಂ.ಸಿ. ಎಂದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಒಂದು ಅಧ್ಯಯನ ಆ ಜಲಾನಯನದಲ್ಲಿ ದೊರೆಯುವ ನೀರು 9.55 ಟಿ.ಎಂ.ಸಿ. ಮಾತ್ರ ಎಂದಿತು. ಮೊದಲನೆಯದು ಸರಿಯಾದರೆ ಒಂದು ಟಿ.ಎಂ.ಸಿ.ಗೆ ತಗಲುವ ಬಂಡವಾಳ ಸುಮಾರು ರೂ. 968 ಕೋಟಿ. ಎರಡನೆಯದು ಸರಿಯಾದರೆ ಸುಮಾರು ರೂ. 2,435 ಕೋಟಿ. ಯಾರ ಪಕ್ಷವನ್ನೂ ವಹಿಸುವುದು ಈ ಲೇಖನದ ಉದ್ದೇಶವಲ್ಲ. ಬಯಲುಸೀಮೆಯ ಜನರ ನೀರಿನ ಬವಣೆ ಸುಳ್ಳಲ್ಲ. ಆದರೆ ಎಷ್ಟು ಖರ್ಚು ಎಂದು ಕೇಳುವಾಗ ಎಷ್ಟು ಫಲ ಎಂಬ ಅಂಕಿಯನ್ನೂ ಅಷ್ಟೇ ಗಟ್ಟಿಯಾಗಿ ಪರೀಕ್ಷಿಸಬೇಕು ಎಂಬುದಷ್ಟೇ ತಾತ್ಪರ್ಯ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ

ಆಸ್ಟ್ರೇಲಿಯದ ಸಿಡ್ನಿ ನಗರದ ಒಪೆರಾ ಹೌಸ್ ಎಂಬ ಜಗತ್ಪ್ರಸಿದ್ಧ ಕಟ್ಟಡಕ್ಕೆ 1957ರಲ್ಲಿ ಹಾಕಿದ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರು. 1963ಕ್ಕೆ ಮುಗಿಯಬೇಕಿತ್ತು. ಮುಗಿದದ್ದು 1973ರಲ್ಲಿ, 10 ಕೋಟಿ 20 ಲಕ್ಷ ಡಾಲರಿಗೆ. ನಕ್ಷೆಯಲ್ಲಿದ್ದ ಚಿಪ್ಪಿನಾಕಾರದ ಚಾವಣಿಯನ್ನು ಕಟ್ಟುವುದು ಹೇಗೆಂಬುದೇ ತೀರ್ಮಾನವಾಗುವ ಮೊದಲು ಅಡಿಪಾಯದ ಕೆಲಸ ಶುರುವಾಗಿತ್ತು.

ಡೆನ್ಮಾರ್ಕಿನ ವಿದ್ವಾಂಸ ಬೆಂಟ್ ಫ್ಲೂವ್‌ಬ್ಯರ್ಗ್ ಮತ್ತು ಸಂಗಡಿಗರು ಇಪ್ಪತ್ತು ರಾಷ್ಟ್ರಗಳ 258 ಸಾರಿಗೆ ಕಾಮಗಾರಿಗಳ ಲೆಕ್ಕವನ್ನು ಕಲೆಹಾಕಿ 2002ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಕಾಮಗಾರಿಗಳು ಅಂದಾಜನ್ನು ಮೀರಿದ್ದವು. ಸರಾಸರಿ ಹೆಚ್ಚಳ ರೈಲು ಮಾರ್ಗಗಳಲ್ಲಿ ಸುಮಾರು ಶೇ. 45, ಸೇತುವೆ ಮತ್ತು ಸುರಂಗಗಳಲ್ಲಿ ಶೇ. 34, ರಸ್ತೆಗಳಲ್ಲಿ ಶೇ. 20. ಎಪ್ಪತ್ತು ವರ್ಷಗಳ ಅವಧಿಯಲ್ಲಿ ಅಂದಾಜು ಹಾಕುವುದರಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ ಎಂಬುದು ಇನ್ನೂ ದೊಡ್ಡ ಸಂಗತಿ. ಅರಿಯದೆ ಮಾಡುವ ತಪ್ಪಾಗಿದ್ದರೆ ಕೆಲವು ಸಲ ಹೆಚ್ಚು, ಕೆಲವು ಸಲ ಕಡಿಮೆ ಆಗಬೇಕಿತ್ತು. ಎಪ್ಪತ್ತು ವರ್ಷವೂ ತಕ್ಕಡಿ ಒಂದೇ ಕಡೆಗೆ ವಾಲಿದರೆ ತಕ್ಕಡಿಯಲ್ಲೇ ಏನೋ ಇದೆ ಎಂದರ್ಥ.

ನಮ್ಮ ಕೇಂದ್ರ ಸರ್ಕಾರದ ಅಂಕಿಅಂಶ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ ರೂ. 150 ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಕೇಂದ್ರ ಯೋಜನೆಗಳ ವರದಿಯನ್ನು ಹೊರತರುತ್ತದೆ. 2024ರ ಮಾರ್ಚಿ ವರದಿಯಲ್ಲಿದ್ದ 1,873 ಯೋಜನೆಗಳ ಪೈಕಿ 449ರ ವೆಚ್ಚ ಮೀರಿತ್ತು, 779 ತಡವಾಗಿದ್ದವು.

ಕಾರಣಗಳು ಮೂರು

ಮೊದಲನೆಯದು ತಿಳಿಯದಿರುವುದು. ಮಣ್ಣಿನ ಪರೀಕ್ಷೆ, ನೀರಿನ ಮಟ್ಟ, ಜಮೀನಿನ ಪಹಣಿ ಇವುಗಳಿಗೆ ಮೊದಲು ಖರ್ಚು ಮಾಡಲು ಯಾರಿಗೂ ಮನಸ್ಸಿಲ್ಲ. ಕಾನೂನು, ತೆರಿಗೆಗಳೂ ನಡುವೆ ಬದಲಾಗುತ್ತವೆ. 2022ರ ಜುಲೈ 18ರಿಂದ ಸರ್ಕಾರದ ರಸ್ತೆ, ಕಾಲುವೆ, ಅಣೆಕಟ್ಟಿನ ಗುತ್ತಿಗೆಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 18ಕ್ಕೆ ಏರಿದ್ದು ಇದಕ್ಕೆ ಉದಾಹರಣೆ. 2021ರಲ್ಲಿ ಪಟ್ಟಿ ಬರೆದ ಎಂಜಿನಿಯರು ಅದನ್ನು ಹೇಗೆ ತಾನೇ ಊಹಿಸಿಯಾನು?

ಎರಡನೆಯದು ಮನುಷ್ಯಸಹಜವಾದ ಆಸೆ. ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ ಎಂದು ನಂಬಿ ಲೆಕ್ಕ ಹಾಕುವ ಸ್ವಭಾವ. ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿಯೇ ಇದನ್ನು ವಿವರಿಸಿದರು. ನಮ್ಮ ಹಿರಿಯರು ಅವರಿಗಿಂತ ಮುಂಚೆಯೇ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದಿದ್ದರು. ತೋಟಗಾರರಿಗೆ ಇದರ ಅನುಭವ ಸಾಕಷ್ಟಿದೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 537 ಅಡಿಕೆ ಸಸಿ ಎಂದು ಲೆಕ್ಕ ಹಾಕುತ್ತೇವೆ. ಸತ್ತ ಸಸಿಯ ಜಾಗಕ್ಕೆ ಮರುನಾಟಿ, ಮುಚ್ಚಿಹೋದ ಬಸಿಗಾಲುವೆಯನ್ನು ಮತ್ತೆ ತೆಗೆಸುವುದು, ಬೇಲಿ ಮುರಿದ ಕಾಟಿ, ಬೇಸಿಗೆಯಲ್ಲಿ ಕೈಕೊಡುವ ಕೆರೆ ಇವುಗಳಿಗೆ ಲೆಕ್ಕದ ಪುಸ್ತಕದಲ್ಲಿ ಮೊದಲಿಗೆ ಕಲಮು ಇರುವುದಿಲ್ಲ.

ಮೂರನೆಯದು ಉದ್ದೇಶ. ಹಲವು ಯೋಜನೆಗಳು ಒಂದೇ ಖಜಾನೆಯ ಮುಂದೆ ಸಾಲುಗಟ್ಟಿ ನಿಂತಿರುವಾಗ ಕಡಿಮೆ ವೆಚ್ಚ, ಹೆಚ್ಚು ಲಾಭ ತೋರಿಸಿದ ಯೋಜನೆಗೆ ಮೊದಲು ಮಂಜೂರಾತಿ. ನಿಜ ಹೇಳಿದವನ ಯೋಜನೆ ಹಿಂದೆ ಬೀಳುತ್ತದೆ. ಒಮ್ಮೆ ಗುದ್ದಲಿ ಪೂಜೆಯಾಗಿ ಅರ್ಧ ಸುರಂಗ ಕೊರೆದ ಮೇಲೆ ಬೇಡವೆನ್ನಲು ಯಾವ ಸರ್ಕಾರಕ್ಕೂ ಧೈರ್ಯವಿಲ್ಲ. ಹಾಕಿದ ಹಣ ಹಾಳಾಗಬಾರದೆಂದು ಇನ್ನಷ್ಟು ಹಣವನ್ನು ಹಾಕಲೇಬೇಕಾಗುತ್ತದೆ. ಆದ್ದರಿಂದ ಪ್ರಶ್ನೆ ಕೇಳುವ ಕಾಲವೆಂದರೆ ಗುದ್ದಲಿ ಪೂಜೆಗೆ ಮುಂಚಿನದು. ಆಮೇಲೆ ಕೇಳಿದರೆ ಉತ್ತರ ಸಿಕ್ಕೀತು, ಉಪಯೋಗವಾಗದು.

ಪರಿಹಾರವೇನು?

ಪರಿಹಾರ ಕೇಳಲು ಸುಲಭ. ನಮ್ಮ ಕೆಲಸದ ಒಳಗಿನಿಂದ ಮಾತ್ರ ಲೆಕ್ಕ ಹಾಕದೆ, ಅಂಥದೇ ಕೆಲಸಗಳು ಹಿಂದೆ ನಿಜವಾಗಿ ಎಷ್ಟಕ್ಕೆ ಮುಗಿದವು ಎಂಬುದನ್ನು ಹೊರಗಿನಿಂದ ನೋಡಿ ಅಂದಾಜನ್ನು ತಿದ್ದುವುದು. ಬ್ರಿಟನ್ನಿನ ಹಣಕಾಸು ಇಲಾಖೆ 2003ರಿಂದ ಇದನ್ನೇ ನಿಯಮವಾಗಿ ಮಾಡಿತು. ಹಳೆಯ ಕಾಮಗಾರಿಗಳ ಪರಿಶೀಲನೆಯ ಆಧಾರದ ಮೇಲೆ ಸಾಧಾರಣ ಕಟ್ಟಡಗಳಿಗೆ ಶೇ. 24ರವರೆಗೆ, ರಸ್ತೆಯಂಥ ಸಾಧಾರಣ ಸಿವಿಲ್ ಕೆಲಸಗಳಿಗೆ ಶೇ. 44ರವರೆಗೆ, ಅಸಾಧಾರಣವಾದವುಗಳಿಗೆ ಶೇ. 66ರವರೆಗೆ ಮೊದಲ ಅಂದಾಜಿನ ಮೇಲೆ ಸೇರಿಸಿ ನೋಡಬೇಕೆಂದು ಹೇಳಿತು. ಮಣ್ಣು ಪರೀಕ್ಷೆ ಮುಗಿದು, ಜಮೀನು ಕೈಗೆ ಬಂದು, ಅಪಾಯಗಳು ಒಂದೊಂದಾಗಿ ಕಡಿಮೆಯಾದಂತೆ ಈ ಸೇರಿಕೆಯನ್ನು ಇಳಿಸುತ್ತ ಹೋಗಬಹುದು. ನಮ್ಮ ಪಾಠದ ರಸ್ತೆಯಲ್ಲಿ ಆದ ಹೆಚ್ಚಳ ಶೇ. 48 ಎಂಬುದನ್ನು ಇದರೊಡನೆ ಹೋಲಿಸಿರಿ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಅಂದಾಜನ್ನು ಸುಮ್ಮನೆ ಉಬ್ಬಿಸಿಟ್ಟರೆ ಹಣ ಇದೆಯೆಂಬ ಕಾರಣಕ್ಕೆ ಕೆಲಸವೂ ಉಬ್ಬುತ್ತದೆ. ಆದ್ದರಿಂದ ಹೆಚ್ಚುವರಿ ಮೊತ್ತವನ್ನು ಕಾಮಗಾರಿಯ ಬಾಬುಗಳಲ್ಲಿ ಹರಡದೆ ಪ್ರತ್ಯೇಕವಾಗಿಟ್ಟು, ಕಾರಣವನ್ನು ಬರೆದು, ಮೇಲಿನವರ ಒಪ್ಪಿಗೆ ಪಡೆದು ಮಾತ್ರ ತೆಗೆಯುವಂತಿರಬೇಕು. ಅದರಂತೆಯೇ ಅಂದಾಜಿಗಿಂತ ಬಹಳ ಕಡಿಮೆಗೆ ಬಂದ ಟೆಂಡರನ್ನು ಕಂಡು ಹಿಗ್ಗಬಾರದು. ಆ ವ್ಯತ್ಯಾಸವನ್ನು ಗುತ್ತಿಗೆದಾರ ಸಿಮೆಂಟಿನಲ್ಲಿಯೋ ಹೆಚ್ಚುವರಿ ಬಾಬುಗಳ ಬಿಲ್ಲಿನಲ್ಲಿಯೋ ತುಂಬಿಕೊಳ್ಳುತ್ತಾನೆ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಗ್ರಾಮಸಭೆಯಲ್ಲಾಗಲಿ, ಇಲಾಖೆಯ ಕಚೇರಿಯಲ್ಲಾಗಲಿ ಕೆಳಗಿನ ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳಬೇಕು.

1. ಈ ಅಂಕಿ ಯಾವ ಮೆಟ್ಟಿಲಿನದು? ಸ್ಥೂಲ ಅಂದಾಜೋ, ತಾಂತ್ರಿಕ ಮಂಜೂರಾತಿ ಪಡೆದದ್ದೋ?
2. ಯಾವ ವರ್ಷದ ದರಪಟ್ಟಿಯ ಮೇಲೆ ಹಾಕಿದ್ದು? ಕೆಲಸ ಮುಗಿಯುವ ವರ್ಷ ಯಾವುದು?
3. ಮಣ್ಣನ್ನು ಎಷ್ಟು ಕಡೆ ಅಗೆದು ನೋಡಿದ್ದಾರೆ? ಅಳತೆ ಬೇಸಿಗೆಯಲ್ಲಾಯಿತೋ, ಮಳೆಗಾಲದಲ್ಲೋ?
4. ಜಮೀನು, ಮರ, ವಿದ್ಯುತ್ ಕಂಬ, ನೀರಿನ ಪೈಪುಗಳ ಸ್ಥಳಾಂತರದ ವೆಚ್ಚ ಸೇರಿದೆಯೇ? ಅರಣ್ಯ ಇಲಾಖೆಯ ಅನುಮತಿ ಬಂದಿದೆಯೇ?
5. ಇಂಥದೇ ಕೆಲಸ ಪಕ್ಕದ ಪಂಚಾಯಿತಿಯಲ್ಲಿ ಎಷ್ಟಕ್ಕೆ ಮಂಜೂರಾಗಿ ಎಷ್ಟಕ್ಕೆ ಮುಗಿಯಿತು?
6. ಮುಗಿದ ಮೇಲೆ ವರ್ಷವರ್ಷದ ದುರಸ್ತಿ, ಪಂಪುಗಳ ವಿದ್ಯುತ್ ಖರ್ಚು ಯಾರ ಲೆಕ್ಕಕ್ಕೆ?
7. ಹಣ ಸಾಲದಿದ್ದರೆ ಕೆಲಸ ಎಲ್ಲಿ ನಿಲ್ಲುತ್ತದೆ?

ಏಳನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ರಸ್ತೆಯ ಕೊನೆಯ ಮನೆಯವರು ಎಚ್ಚರಗೊಳ್ಳುತ್ತಾರೆ.

ಬಾಯಿಮಾತಿಗೆ ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಿ ಅಂದಾಜು ಪಟ್ಟಿ, ಅಳತೆ ಪುಸ್ತಕಗಳ ನಕಲನ್ನು ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಕಾಮಗಾರಿಯ ಸ್ಥಳವನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿಯನ್ನು ಪಡೆಯುವ ಹಕ್ಕೂ ಈ ಕಾಯಿದೆಯಲ್ಲಿಯೇ ಇದೆಯೆಂಬುದು ಹಲವರಿಗೆ ತಿಳಿಯದು.

ನಮ್ಮ ಗೋದಾಮಿಗೂ ಇದೇ ಲೆಕ್ಕ

ಊರಿಗೆಲ್ಲ ಬುದ್ಧಿ ಹೇಳಿ ನಮ್ಮ ಮನೆಯ ಲೆಕ್ಕವನ್ನು ಹಳೆಯ ರೀತಿಯಲ್ಲಿ ಇಡುವುದು ಸರಿಯಲ್ಲ. ಸರ್ಕಾರದ ಸಹಾಯಧನದಿಂದ ಸಂಘಕ್ಕೆ ಗೋದಾಮು ಕಟ್ಟಿಸುವ ಪ್ರಸ್ತಾವ ಸದಸ್ಯರಿಗೆ ತಿಳಿದೇ ಇದೆ. ಸಹಾಯಧನದ ಸ್ವಭಾವವನ್ನು ಅರಿತಿರಬೇಕು. ಅದು ಮಂಜೂರಾದ ವೆಚ್ಚಕ್ಕೆ ಗೊತ್ತುಪಡಿಸಿದ ಮೊತ್ತ. ವೆಚ್ಚ ಬೆಳೆದರೆ ಅದು ಬೆಳೆಯುವುದಿಲ್ಲ. ಉದಾಹರಣೆಗೆ ಅಂದಾಜು ರೂ. 80 ಲಕ್ಷ, ಸಹಾಯಧನ ರೂ. 20 ಲಕ್ಷ ಎಂದುಕೊಂಡರೆ ಸದಸ್ಯರ ಪಾಲು ರೂ. 60 ಲಕ್ಷ. ವೆಚ್ಚ ಶೇ. 24 ಏರಿ ರೂ. 99.2 ಲಕ್ಷವಾದರೆ ನಮ್ಮ ಪಾಲು ರೂ. 79.2 ಲಕ್ಷ. ಕಟ್ಟಡದ ವೆಚ್ಚ ಏರಿದ್ದು ಶೇ. 24, ನಮ್ಮ ಹೊರೆ ಏರಿದ್ದು ಶೇ. 32. ಧಾರಣೆ ಕುಸಿದ ವರ್ಷದಲ್ಲಿ ಈ ಹೆಚ್ಚುವರಿಯನ್ನು ಎರಡೆಕರೆಯ ಸದಸ್ಯನಿಂದ ಕೇಳುವುದು ಹೇಗೆ?

ಆದ್ದರಿಂದ ಕಳೆದ ಕೆಲವು ವರ್ಷಗಳಲ್ಲಿ ಗೋದಾಮು ಕಟ್ಟಿಸಿದ ನೆರೆಯ ಸಂಘಗಳಿಗೆ ಪತ್ರ ಬರೆದು ಮೊದಲ ಅಂದಾಜು, ಕೊನೆಯ ಬಿಲ್ಲು, ಹಿಡಿದ ಕಾಲ ಎಂಬ ಮೂರು ಅಂಕಿಗಳನ್ನು ಕೇಳಲಾಗಿದೆ. ಜಾಗದ ಮಣ್ಣು ಪರೀಕ್ಷೆಯನ್ನು ಮಳೆಗಾಲದಲ್ಲಿಯೇ ಮಾಡಿಸಲಾಗುವುದು. ಬಂದ ಉತ್ತರಗಳೂ ಅವುಗಳ ಆಧಾರದ ಮೇಲೆ ತಿದ್ದಿದ ಅಂದಾಜು ಪಟ್ಟಿಯೂ ವಾರ್ಷಿಕ ಮಹಾಸಭೆಗೆ ಹದಿನೈದು ದಿನ ಮುಂಚೆ ಕಚೇರಿಯಲ್ಲಿ ಸದಸ್ಯರ ಪರಿಶೀಲನೆಗೆ ಇರುತ್ತವೆ. ಸದಸ್ಯರು ಬಿಡುವು ಮಾಡಿಕೊಂಡು ಬಂದು ಓದಿ, ಮೇಲಿನ ಏಳು ಪ್ರಶ್ನೆಗಳನ್ನು ಮೊದಲು ನಮಗೇ ಕೇಳಬೇಕೆಂದು ವಿನಂತಿ. ಮೊತ್ತ ಹೆಚ್ಚಾಗಿ ಕಂಡು ಸಭೆ ಗೋದಾಮು ಬೇಡವೆಂದರೆ ಅದೂ ಒಂದು ತೀರ್ಮಾನವೇ. ಕಡಿಮೆ ಅಂಕಿ ತೋರಿಸಿ ಒಪ್ಪಿಗೆ ಪಡೆದು, ಚಾವಣಿಯಿಲ್ಲದ ನಾಲ್ಕು ಗೋಡೆಗಳ ನಡುವೆ ಅಡಿಕೆ ಮೂಟೆ ಇಡುವಂತಾಗುವುದಕ್ಕಿಂತ ಅದು ಮೇಲು.

— ಕಾರ್ಯದರ್ಶಿ